ಶ್ರೀಲಂಕಾದ ಕಾಡಿಗೆ ಹೊರಡುವ ಮೊದಲು ನಮ್ಮ ಹಿತ್ತಿಲಲ್ಲಿ ಮಾಡಬೇಕಾದ ತಯಾರಿ

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ಸಲ ಶ್ರೀಲಂಕಾಕ್ಕೆ ಹೋದಾಗ ಸಿಂಹರಾಜ ಕಾಡಿನಲ್ಲಿ ಗೈಡ್ ಒಂದು ಪೊದೆಯ ಒಳಗೆ ಕೈ ತೋರಿಸಿದ. ಒಣಗಿದ ಎಲೆ ಅಂದುಕೊಂಡಿದ್ದು ಮೆಲ್ಲಗೆ ಕಣ್ಣು ಬಿಟ್ಟಿತು. ಶ್ರೀಲಂಕಾ ಫ್ರಾಗ್‌ಮೌತ್, ನಮ್ಮ ಭಾಷೆಯಲ್ಲಿ ಕಪ್ಪೆಬಾಯಿ ಹಕ್ಕಿ. ಹೆಸರಲ್ಲೇ ಶ್ರೀಲಂಕಾ ಇದೆಯಲ್ಲ, ಇದು ಈ ದೇಶ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ ಎಂದುಕೊಂಡು ಕ್ಯಾಮೆರಾದ ಬ್ಯಾಟರಿ ಮುಗಿಯುವ ತನಕ ಫೋಟೊ ತೆಗೆದೆ. ಊರಿಗೆ ಬಂದು ತೀರ್ಥಹಳ್ಳಿಯ ಭಾವನಿಗೆ ತೋರಿಸಿದೆ. ಅವರು ಬಾಯಲ್ಲಿದ್ದ ಕವಳ ಉಗಿದು ಬಂದು ಕೂತು ನೋಡಿ, "ಇದು ನಮ್ಮ ಘಟ್ಟದ ಕಾಡಲ್ಲೂ ಇರೋದೇ ಅಲ್ವಾ ಮಾರಾಯ, ಇದನ್ನ ನೋಡೋಕೆ ವಿಮಾನ ಹತ್ತಿದ್ಯಾ?" ಎಂದರು.

ಅದಕ್ಕಿಂತ ಹೊಟ್ಟೆ ಉರಿಸಿದ ವಿಷಯ ಇನ್ನೊಂದಿದೆ. ಅದೇ ಪ್ರವಾಸದಲ್ಲಿ ನಮ್ಮ ಜೀಪಿನ ಮುಂದೆ ಕಾಡುಕೋಳಿ ಮೂರು ಸಲ ರಸ್ತೆ ದಾಟಿತ್ತು. ಕಾಡುಕೋಳಿ ತಾನೇ, ನಮ್ಮನೆ ತೋಟದ ಹಿಂದೆ ದಿನಾ ಕೂಗುತ್ತದೆ ಎಂದು ನಾನು ಕ್ಯಾಮೆರಾ ಎತ್ತಲೇ ಇಲ್ಲ. ಆ ಕೋಳಿ ಶ್ರೀಲಂಕಾದ ರಾಷ್ಟ್ರಪಕ್ಷಿ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಜಾತಿ.

ಅಂದರೆ ನಮ್ಮಲ್ಲಿರುವುದಕ್ಕೆ ಕುಣಿದೆ, ಅಲ್ಲಿ ಮಾತ್ರ ಇರುವುದನ್ನು ಬಿಟ್ಟುಬಂದೆ. ಮಲೆನಾಡಿನವರು ಅಲ್ಲಿಗೆ ಹೋದರೆ ಹೀಗಾಗುವುದು ಸಹಜ, ಯಾಕೆಂದರೆ ಅಲ್ಲಿಯ ಅರ್ಧ ಕಾಡು ನಮ್ಮ ಕಾಡಿನ ನೆಂಟರದ್ದೇ. ಎರಡನೇ ಸಲ ಹೋಗುವಾಗ ನಾನು ಆರು ತಿಂಗಳು ಮನೆಯಲ್ಲೇ ತಯಾರಿ ಮಾಡಿಕೊಂಡೆ. ಅದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿ ಮಾತ್ರ ಇರುವುದು ಯಾವುದು ಎಂದು ಹೆಕ್ಕಿಕೊಳ್ಳಿ

ಒಂದು ಕಡೆ ಮಾತ್ರ ಇರುವ ಜೀವಿಗೆ ಎಂಡೆಮಿಕ್ ಎನ್ನುತ್ತಾರೆ. ಈ ಪದವನ್ನು ಪ್ರವಾಸದ ಏಜೆಂಟರು ಉಪ್ಪಿನಕಾಯಿ ಬಡಿಸಿದ ಹಾಗೆ ಎಲ್ಲದಕ್ಕೂ ಬಡಿಸುತ್ತಾರೆ. ನಂಬಬೇಡಿ. ಪಟ್ಟಿಯನ್ನು ನೀವೇ ಮಾಡಿಕೊಳ್ಳಿ.

ಹೆಸರು ನೋಡಿ ಮೋಸಹೋಗಬೇಡಿ, ಅದು ಮೊದಲನೆಯದು. ಕಪ್ಪೆಬಾಯಿಯ ಕಥೆ ಹೇಳಿದೆನಲ್ಲ. ಗಿಡಗಳಲ್ಲಂತೂ ಇದು ಇನ್ನೂ ಜಾಸ್ತಿ. ಲ್ಯಾಟಿನ್ ಹೆಸರಿನ ಕೊನೆಗೆ ಝೈಲಾನಿಕಾ ಎಂದಿದ್ದರೆ ಸಿಲೋನಿನದ್ದು, ಅಂದರೆ ಶ್ರೀಲಂಕಾದ್ದು ಎಂದರ್ಥ. ಆದರೆ ನಮ್ಮ ಬೇಲಿ ಪಕ್ಕದ ಚಿತ್ರಮೂಲದ ಹೆಸರೂ ಪ್ಲಂಬಾಗೊ ಝೈಲಾನಿಕಾ. ಹದಿನೆಂಟನೇ ಶತಮಾನದಲ್ಲಿ ಲಿನೇಯಸ್ ಎಂಬ ಸ್ವೀಡನ್ನಿನ ಸಸ್ಯವಿಜ್ಞಾನಿ ಸಿಲೋನಿನಿಂದ ಹೋದ ಒಣಗಿಸಿದ ಗಿಡಗಳನ್ನು ಯುರೋಪಿನಲ್ಲಿ ಕೂತು ನೋಡಿ ಹೆಸರಿಟ್ಟ. ಮೊದಲು ಕೈಗೆ ಸಿಕ್ಕಿದ್ದು ಅಲ್ಲಿಯ ಗಿಡ, ಅದಕ್ಕೇ ಆ ಹೆಸರು. ಅದೇ ಗಿಡ ನಮ್ಮಲ್ಲಿ ಬೇಲಿ ತುಂಬ ಇದ್ದದ್ದು ಅವನಿಗೆ ಯಾರು ಹೇಳಬೇಕಿತ್ತು? ತಿರುಗುಮುರುಗೂ ಆಗುತ್ತದೆ. ಮಲಬಾರ್ ಹೆಸರಿನ ಟ್ರೋಗನ್ ಹಕ್ಕಿ ಶ್ರೀಲಂಕಾದಲ್ಲೂ ಇದೆ.

ರಾಷ್ಟ್ರೀಯ ಎಂಬ ಪಟ್ಟ ಕಂಡಕೂಡಲೇ ತಲೆಬಾಗಬೇಡಿ. ಅವರ ರಾಷ್ಟ್ರೀಯ ಮರ 'ನಾ', ನಮ್ಮ ನಾಗಸಂಪಿಗೆಯೇ. ರಾಷ್ಟ್ರೀಯ ಹೂವು ನೀಲಿ ನೈದಿಲೆ, ನಮ್ಮ ಕೆರೆಯಲ್ಲೂ ಅರಳುತ್ತದೆ. ಆದರೆ ರಾಷ್ಟ್ರಪಕ್ಷಿ ಕಾಡುಕೋಳಿ, ರಾಷ್ಟ್ರೀಯ ಚಿಟ್ಟೆ ಬರ್ಡ್‌ವಿಂಗ್, ಈ ಎರಡೂ ಅಪ್ಪಟ ಅವರದ್ದೇ.

ಆಮೇಲೆ ಉಪಜಾತಿಯ ಗೊಂದಲ. ಅಲ್ಲಿಯ ಆನೆ, ಅಲ್ಲಿಯ ಚಿರತೆ ಬೇರೆ ಎಂದು ಹೇಳುತ್ತಾರೆ. ಉಪಜಾತಿ ಬೇರೆ, ನಿಜ. ಜಾತಿ ಮಾತ್ರ ಸಕ್ರೆಬೈಲಿನ ಆನೆಯದ್ದೇ, ನಮ್ಮ ಕೊಟ್ಟಿಗೆಯ ನಾಯಿ ಹೊತ್ತೊಯ್ಯುವ ಚಿರತೆಯದ್ದೇ. ಹಾರ್ಟನ್ ಪ್ಲೇನ್ಸ್ ಬೆಟ್ಟದ ಮೇಲೆ ಕೆಂಪಗೆ ಅರಳುವ ರೋಡೋಡೆಂಡ್ರಾನ್ ಕೂಡ ಉಪಜಾತಿ ಮಾತ್ರ. ನೋಡಬೇಡಿ ಎನ್ನುತ್ತಿಲ್ಲ, ಪಟ್ಟಿಯಲ್ಲಿ ಬೇರೆ ಕಡೆ ಬರೆದುಕೊಳ್ಳಿ ಅಷ್ಟೆ.

ಹಕ್ಕಿಗಳ ಲೆಕ್ಕ ಸುಮಾರು 34. ಒಂದು ಪಟ್ಟಿಯಲ್ಲಿ ಒಂದು ಕಡಿಮೆ, ಇನ್ನೊಂದರಲ್ಲಿ ಒಂದು ಜಾಸ್ತಿ ಇರುತ್ತದೆ. ಯಾವುದನ್ನು ಬೇರೆ ಜಾತಿ ಎನ್ನಬೇಕು ಎಂದು ತಜ್ಞರು ಇನ್ನೂ ಜಗಳವಾಡುತ್ತಿದ್ದಾರೆ, ಅದು ಅವರ ಪಾಡು. ಹೂ ಬಿಡುವ ಗಿಡಗಳು ಮೂರು ಸಾವಿರಕ್ಕೂ ಜಾಸ್ತಿ, ಅದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಅಲ್ಲಿ ಮಾತ್ರ ಇರುವಂಥದ್ದು. ಕಪ್ಪೆಗಳಲ್ಲಿ ನೂರಕ್ಕೂ ಮೇಲೆ ಜಾತಿ ಇದೆ, ಬಹುಪಾಲು ಅಲ್ಲಿಯವೇ. ಇಷ್ಟೆಲ್ಲ ಇರುವ ದೇಶದ ವಿಸ್ತೀರ್ಣ 65,610 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಭಾಗ.

ನೆಂಟಸ್ತನ ಎಲ್ಲಿಂದ ಬಂತು

ಇದನ್ನು ಸ್ವಲ್ಪ ತಿಳಿದುಕೊಂಡರೆ ಎಲ್ಲಿಗೆ ಹೋಗಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಭಾರತಕ್ಕೂ ಶ್ರೀಲಂಕಾಕ್ಕೂ ನಡುವಿನ ಸಮುದ್ರ ತೀರಾ ಆಳವಿಲ್ಲ. ಹಿಮಯುಗಗಳಲ್ಲಿ ಸಮುದ್ರ ಇಳಿದಾಗ ನೆಲವೇ ಮೇಲೆದ್ದು ದಾರಿಯಾಗಿತ್ತು. ಹಾಗಾದರೆ ಎಲ್ಲವೂ ಅತ್ತಿತ್ತ ಓಡಾಡಿಕೊಂಡು ಒಂದೇ ಆಗಬೇಕಿತ್ತಲ್ಲ? ಆಗಲಿಲ್ಲ. ಯಾಕೆಂದರೆ ಆ ದಾರಿಯ ಎರಡೂ ಕಡೆ ಒಣ ಬಯಲು. ತಮಿಳುನಾಡಿನ ಬಿಸಿಲ ನೆಲ ಈ ಕಡೆ, ಶ್ರೀಲಂಕಾದ ಒಣ ಉತ್ತರ ಭಾಗ ಆ ಕಡೆ. ಆನೆ ದಾಟುತ್ತದೆ, ಚಿರತೆ ದಾಟುತ್ತದೆ. ಆಗುಂಬೆಯಂಥ ಕಾಡಿನ ತರಗೆಲೆಯ ಒದ್ದೆಯಲ್ಲಿ ಮೈ ತಂಪು ಮಾಡಿಕೊಂಡು ಬದುಕುವ ಬೆರಳುಗಾತ್ರದ ಕಪ್ಪೆ ಆ ಬಿಸಿಲಲ್ಲಿ ನೂರಾರು ಕಿಲೋಮೀಟರ್ ಹೇಗೆ ದಾಟೀತು? ಹಾಗೆ ಮಳೆಕಾಡಿನ ಜೀವಿಗಳು ಇಲ್ಲಿಯವು ಇಲ್ಲಿ, ಅಲ್ಲಿಯವು ಅಲ್ಲಿ ಉಳಿದು, ಲಕ್ಷಾಂತರ ವರ್ಷ ಬೇರೆ ಬೇರೆ ಸಂಸಾರ ಮಾಡಿದವು.

ಹಾಗಾಗಿ ಅಲ್ಲಿ ಮಾತ್ರ ಇರುವುದನ್ನು ನೋಡಬೇಕೆಂದರೆ ಒಣ ಸೀಮೆಯ ಸಫಾರಿಗೆ ದುಡ್ಡು ಸುರಿಯಬೇಡಿ. ಅಲ್ಲಿ ಆನೆ, ಚಿರತೆ ಚೆನ್ನಾಗಿ ಕಾಣುತ್ತವೆ, ಆದರೆ ಅವು ನಮಗೆ ಹೊಸದಲ್ಲ. ನೀವು ಹೋಗಬೇಕಾದ್ದು ನೈಋತ್ಯದ ಮಳೆಸೀಮೆಗೆ ಮತ್ತು ನಡುವಿನ ಎತ್ತರದ ಬೆಟ್ಟಗಳಿಗೆ.

ಎಡಪುಟ ನಮ್ಮದು, ಬಲಪುಟ ಅವರದ್ದು

ತಯಾರಿಯ ಮುಖ್ಯ ಕೆಲಸ ಇದು. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ನಮ್ಮ ಊರಿನ ಒಂದು ಹಕ್ಕಿಯನ್ನೋ ಮರವನ್ನೋ ಬರೆಯಿರಿ. ಬಲಪುಟದಲ್ಲಿ ಅದರ ಶ್ರೀಲಂಕಾದ ನೆಂಟನ ಹೆಸರು ಮಾತ್ರ ಬರೆದು ಉಳಿದದ್ದು ಖಾಲಿ ಬಿಡಿ. ಅಲ್ಲಿಗೆ ಹೋದಾಗ ತುಂಬಿಸಿ. ಎಡಪುಟವನ್ನು ಪುಸ್ತಕ ನೋಡಿ ತುಂಬಿಸಿದರೆ ಪ್ರಯೋಜನವಿಲ್ಲ, ಬೆಳಿಗ್ಗೆ ಎದ್ದು ತೋಟಕ್ಕೆ ಹೋಗಿ ಕೇಳಿ, ನೋಡಿ ಬರೆಯಬೇಕು.

ಕಾಡುಕೋಳಿಯಿಂದ ಶುರು ಮಾಡಿ. ನಮ್ಮ ಹುಂಜ ಬೂದು ಮೈಯದ್ದು, ಕುತ್ತಿಗೆಯ ಗರಿಯ ಮೇಲೆ ಅರಗು ಮೆತ್ತಿದಂಥ ಚುಕ್ಕಿ ಇರುತ್ತದೆ. ಅವರ ಹುಂಜ ಕಿತ್ತಳೆ ಕೆಂಪು, ಕೆಂಪು ಜುಟ್ಟಿನ ನಡುವೆ ಹಳದಿ ಪಟ್ಟೆ. ಕೂಗೂ ಬೇರೆ. ನಮ್ಮದರ ಕೂಗು ಒಡೆದ ತಮಟೆಯ ಹಾಗೆ ತುಂಡು ತುಂಡಾಗಿ ಬರುತ್ತದೆ. ಅದರದ್ದು ಚಿಕ್ಕದು, ಕೊನೆಗೆ ಮೇಲಕ್ಕೆ ಎಳೆದು ನಿಲ್ಲಿಸುತ್ತದೆ. ನಮ್ಮ ಕೋಳಿಯ ಕೂಗು ಕಿವಿಯಲ್ಲಿ ಗಟ್ಟಿಯಾಗಿ ಕೂತಿದ್ದರೆ ಅಲ್ಲಿ ಮೊದಲ ಬೆಳಿಗ್ಗೆ ಹಾಸಿಗೆಯಲ್ಲೇ ಗೊತ್ತಾಗುತ್ತದೆ, ಇದೇನೋ ಬೇರೆ ಎಂದು. ಸಿಂಹಳದಲ್ಲಿ ಅದಕ್ಕೆ ವಳಿ ಕುಕುಳಾ ಎನ್ನುತ್ತಾರೆ. ಹೆಸರು ಕೇಳಿಕೊಂಡು ಹೋದರೆ ಹಳ್ಳಿಯವರು ನಗುನಗುತ್ತಾ ತೋರಿಸುತ್ತಾರೆ.

ಕುಟುರ ಹಕ್ಕಿಯನ್ನು ಕಲಿಯುವುದು ಸುಲಭ, ಬೇಸಿಗೆ ಬಂತೆಂದರೆ ಅದು ಬಾಯಿ ಮುಚ್ಚುವುದೇ ಇಲ್ಲ. ನಮ್ಮದಕ್ಕೆ ಕಂದು ತಲೆ, ಕೆನ್ನೆಯಲ್ಲಿ ಬಿಳಿ ಗೆರೆ. ಅವರದ್ದಕ್ಕೆ ಹಣೆ ಹಳದಿ, ಮುಖ ನೀಲಿ. ಮಂಗಟ್ಟೆಯೂ ಹಾಗೆ. ನಮ್ಮ ಬೂದು ಮಂಗಟ್ಟೆ ಅಡಿಕೆ ತೋಟದ ಅಂಚಿನ ಮರದಲ್ಲಿ ಕೂತು ಹುಚ್ಚು ಹಿಡಿದವರ ಹಾಗೆ ನಗುತ್ತದೆ. ಅವರದ್ದೂ ಕೊಕ್ಕಿನ ಮೇಲೆ ಕೊಂಬಿಲ್ಲದ ಚಿಕ್ಕ ಮಂಗಟ್ಟೆಯೇ, ಆದರೆ ಹೊಟ್ಟೆ ಬಿಳುಪು, ಗಂಡಿನ ಕೊಕ್ಕು ಕೆನೆ ಬಣ್ಣ. ತಲೆಕೆಳಗಾಗಿ ನೇತಾಡಿಕೊಂಡು ಮಲಗುವ ಪುಟ್ಟ ಗಿಳಿ ನಮ್ಮಲ್ಲಿದೆಯಲ್ಲ, ಅದರ ತಲೆ ಹಸಿರು. ಅವರದ್ದರ ನೆತ್ತಿ ಕೆಂಪು. ಇವೆರಡೂ ಎಲೆಯ ನಡುವೆ ಎಲೆಯೇ ಆಗಿಬಿಡುತ್ತವೆ, ಹಾರುವಾಗ ಕೂಗಿದರೆ ಮಾತ್ರ ಸಿಕ್ಕುತ್ತವೆ.

ಸಿಳ್ಳೆ ಹೊಡೆಯುವ ನೀಲಿ ಹಕ್ಕಿ, ಮಲಬಾರ್ ವಿಸ್ಲಿಂಗ್ ಥ್ರಷ್, ಇದು ನನಗೆ ಪಾಠ ಕಲಿಸಿತು. ನಮ್ಮಲ್ಲಿ ಮಳೆ ಹಿಡಿದ ಮೇಲೆ ಹಳ್ಳದ ಪಕ್ಕ ಯಾರೋ ಕೆಲಸವಿಲ್ಲದ ಹುಡುಗ ಸಿನಿಮಾ ಹಾಡನ್ನು ಅರ್ಧಂಬರ್ಧ ಸಿಳ್ಳೆ ಹಾಕಿದ ಹಾಗೆ ಕೇಳುತ್ತದಲ್ವಾ, ಅದೇ. ಶ್ರೀಲಂಕಾದ ಬೆಟ್ಟದಲ್ಲಿ ಇದರ ನೆಂಟನಿದೆ. ಅದೂ ಹಾಗೇ ಹಾಡುತ್ತದೆ ಎಂದು ಎರಡು ಬೆಳಿಗ್ಗೆ ಕಾದೆ. ಅದು ಹಾಗೆ ಹಾಡುವುದಿಲ್ಲ, ಚೂಪಾಗಿ ಸೀ ಎಂದು ಕೀರುತ್ತದೆ, ಕತ್ತಲು ಹರಿಯುವ ಮುಂಚೆ ನೀರಿನ ಹತ್ತಿರ ಬಂದು ಬೆಳಕಾಗುತ್ತಲೇ ಕಾಡೊಳಗೆ ಹೋಗಿಬಿಡುತ್ತದೆ. ಗೊತ್ತಿದ್ದವರಿಗೆ ಒಂದು ಕ್ಷಣ ಕಾಣುತ್ತದೆ. ನೆಂಟರಾದ ಮಾತ್ರಕ್ಕೆ ಗುಣವೂ ಒಂದೇ ಎಂದುಕೊಳ್ಳಬೇಡಿ, ಬಲಪುಟ ಖಾಲಿ ಬಿಡಿ ಎಂದಿದ್ದು ಇದಕ್ಕೇ.

ಕಿವಿ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಗೂಬೆಯ ಕಥೆ ಇದೆ. ದೀಪಲ್ ವರಕಗೊಡ ಎಂಬ ಅಲ್ಲಿಯ ಪಕ್ಷಿತಜ್ಞರು 1995ರಲ್ಲಿ ಕಿತುಲ್ಗಲದ ಕಾಡಲ್ಲಿ ರಾತ್ರಿ ಒಂದು ಕೂಗು ಕೇಳಿದರು. ಅವರಿಗೆ ಗೊತ್ತಿದ್ದ ಯಾವ ಹಕ್ಕಿಯದ್ದೂ ಅಲ್ಲ. ಆ ಹಕ್ಕಿಯನ್ನು ಕಣ್ಣಲ್ಲಿ ಕಂಡಿದ್ದು 2001ರ ಜನವರಿಯಲ್ಲಿ, ಸಿಂಹರಾಜದಲ್ಲಿ. ಹೊಸ ಜಾತಿ ಎಂದು ವಿಜ್ಞಾನದ ಪಟ್ಟಿಗೆ ಸೇರಿದ್ದು 2004ರಲ್ಲಿ. ಸೆರೆಂಡಿಬ್ ಸ್ಕಾಪ್ಸ್ ಔಲ್ ಅದರ ಹೆಸರು. ಉಳಿದ ಎಲ್ಲ ಕೂಗೂ ಬಾಯಿಪಾಠ ಇದ್ದವರಿಗೆ ಮಾತ್ರ ಇದು ಹೊಸದು ಎಂದು ಹೊಳೆಯುತ್ತದೆ ನೋಡಿ.

ಪ್ರಾಣಿಗಳಿಗೆ ಎರಡು ಪುಟ ಸಾಕು. ನಮ್ಮ ಮಂಗನ ಎದುರು ಅವರ ರಿಳವಾ, ಅಂದರೆ ಟೋಕ್ ಮಕಾಕ್. ತಲೆಯ ಕೂದಲು ಸುತ್ತಿಕೊಂಡು ಟೊಪ್ಪಿ ಇಟ್ಟ ಹಾಗೆ ಕಾಣುತ್ತದೆ, ಕೈಚೀಲ ಕಿತ್ತುಕೊಳ್ಳುವುದರಲ್ಲಿ ನಮ್ಮವಕ್ಕೆ ಒಂದು ಕೈ ಮೇಲು. ಮುಸಿಯನ ಎದುರು ಪರ್ಪಲ್ ಫೇಸ್ಡ್ ಲಂಗೂರ್, ಮೈಯೆಲ್ಲ ಕಪ್ಪು, ಕೆನ್ನೆಗೆ ಬಿಳಿ ಮೀಸೆ. ಒಣ ಸೀಮೆಯಲ್ಲಿ ಬೂದು ಬಣ್ಣದ ಮುಸಿಯನೂ ಇದೆ, ಅದು ದಕ್ಷಿಣ ಭಾರತದಲ್ಲೂ ಇರುವುದು, ಲೆಕ್ಕಕ್ಕಿಲ್ಲ. ಕಾಡುಪಾಪದಲ್ಲಿ ಎರಡಿವೆ. ಕೆಂಪುಛಾಯೆಯ ಚಿಕ್ಕದು ಅವರದ್ದು ಮಾತ್ರ, ಬೂದು ಬಣ್ಣದ್ದು ನಮಗೂ ಅವರಿಗೂ ಸೇರಿದ್ದು.

ಓತಿಗಳ ಪುಟ ನನಗೆ ತುಂಬ ಇಷ್ಟ. ಅಲ್ಲಿ ಮೂಗಿನ ಮೇಲೆ ಕೊಂಬಿರುವ ಓತಿಗಳಿವೆ, ಸೆರಟೋಫೋರಾ ಎಂಬ ಕುಲ. ಆ ಕುಲಕ್ಕೆ ಕುಲವೇ ಅಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಮೂಗಿನ ತುದಿಯಲ್ಲಿ ಗುಂಡಗೆ ಉಬ್ಬಿರುವ ಲಿರಿಯೋಸೆಫಾಲಸ್ ಎಂಬ ಇನ್ನೊಂದಿದೆ, ಕೆಣಕಿದರೆ ಬಾಯಿ ತೆರೆದು ಒಳಗಿನ ಕೆಂಪು ತೋರಿಸಿ ಹೆದರಿಸುತ್ತದೆ, ಹಾಗಂತ ಕೆಣಕಬೇಡಿ. ಇವಕ್ಕೆ ಎದುರಾಗಿ ಎಡಪುಟದಲ್ಲಿ ಏನು ಬರೆಯುವುದು? ನಾನು ಹಾರುವ ಓತಿ ಬರೆದೆ. ಅದು ನಮ್ಮ ಅಡಿಕೆ ಮರದಿಂದ ಮರಕ್ಕೆ ತೇಲುತ್ತದೆ, ಶ್ರೀಲಂಕಾದಲ್ಲಿ ಒಂದೂ ಇಲ್ಲ. ಹೀಗೆ ಅಲ್ಲಿ ಇಲ್ಲದ್ದನ್ನೂ ಬರೆದುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಕಾಳಿಂಗ ಸರ್ಪ ಅಲ್ಲಿಲ್ಲ. ಹುಲಿ ಇಲ್ಲ. ಕಾಟಿ ಈಗಿಲ್ಲ. ಸಿಂಗಳೀಕವಂತೂ ಪಶ್ಚಿಮಘಟ್ಟ ಬಿಟ್ಟು ಎಲ್ಲೂ ಇಲ್ಲ. ಯಾರಾದರೂ ಅಲ್ಲಿ ಕಾಳಿಂಗ ತೋರಿಸುತ್ತೇನೆ ಬನ್ನಿ ಎಂದರೆ ಜೇಬು ಗಟ್ಟಿಯಾಗಿ ಹಿಡಿದುಕೊಳ್ಳಿ.

ಕಪ್ಪೆಗಳನ್ನು ಮಳೆಗಾಲದಲ್ಲಿ ಮನೆಯಲ್ಲೇ ಅಭ್ಯಾಸ ಮಾಡಿ. ರಾತ್ರಿ ಟಾರ್ಚ್ ಹಿಡಿದು ಕಾಫಿ ಗಿಡದ ಮಧ್ಯೆ ನಿಂತರೆ ಟಿಕ್ ಟಿಕ್ ಎನ್ನುವ ಪುಟ್ಟ ಮರಗಪ್ಪೆಗಳಿವೆಯಲ್ಲ, ಅವು ನೀರಿಗೆ ಹೋಗಿ ಮೊಟ್ಟೆ ಇಡುವುದಿಲ್ಲ. ಮೊಟ್ಟೆಯಿಂದ ಗೊದಮೊಟ್ಟೆ ಬರುವುದಿಲ್ಲ, ನೇರವಾಗಿ ಅಕ್ಕಿಕಾಳಿನಂಥ ಮರಿಗಪ್ಪೆಯೇ ಬರುತ್ತದೆ. ಶ್ರೀಲಂಕಾದ ಸೂಡೋಫಿಲೌಟಸ್ ಕಪ್ಪೆಗಳೂ ಹೀಗೇ. ಜಾತಿ ಗುರುತಿಸುವುದು ಕಷ್ಟ, ನನಗಂತೂ ಬಂದಿಲ್ಲ. ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಫೋಟೊದ ಜೊತೆ ಐನ್ಯಾಚುರಲಿಸ್ಟ್ ಎಂಬ ವೆಬ್‌ಸೈಟಿಗೆ ಹಾಕಿದರೆ ಬಲ್ಲವರು ಹೇಳುತ್ತಾರೆ.

ಅಂದಹಾಗೆ ಅಭ್ಯಾಸ ಮಾಡುವಾಗ ಒಂದು ಎಚ್ಚರಿಕೆ. ಡಿಸೆಂಬರಿನಿಂದ ಮೇವರೆಗೆ ನಮ್ಮ ಕಾಡಲ್ಲಿ ಮಂಗನ ಕಾಯಿಲೆಯ ಕಾಲ. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಪತ್ತೆಯಾದ ರೋಗ ಇವತ್ತಿಗೂ ಹೋಗಿಲ್ಲ. ಉಣ್ಣೆ ಕಚ್ಚದ ಹಾಗೆ ಮೈತುಂಬ ಬಟ್ಟೆ ಹಾಕಿಕೊಳ್ಳಿ, ಉಣ್ಣೆ ಓಡಿಸುವ ಎಣ್ಣೆ ಹಚ್ಚಿ, ಮಂಗ ಸತ್ತ ಜಾಗದ ಹತ್ತಿರ ಸುಳಿಯಬೇಡಿ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬೇರೆ ನೆನೆಹಾಕಿ.

ಮರಗಿಡಗಳನ್ನು ಅಡುಗೆಮನೆಯಿಂದ ಕಲಿಯಿರಿ

ಹಕ್ಕಿ ನೋಡುವವರು ಗಿಡವನ್ನು ಮರೆಯುತ್ತಾರೆ. ನಾನೂ ಮರೆತಿದ್ದೆ, ಒಂದು ಮೀನುಸಾರು ನೆನಪಿಸಿತು. ಸಿಂಹರಾಜದ ಪಕ್ಕ ನಾವು ಉಳಿದಿದ್ದ ಮನೆಯ ಅಮ್ಮ ಮಣ್ಣಿನ ಮಡಕೆಯಲ್ಲಿ ಮೀನು ಬೇಯಿಸಿದ್ದರು, ಕಪ್ಪಗೆ ಹುಳಿಹುಳಿ. ಬಾಯಿಗಿಟ್ಟೊಡನೆ ಉಪ್ಪಾಗೆ ಎನಿಸಿತು. ಕೇಳಿದರೆ ಗೊರಕಾ ಎಂದರು, ಒಣಗಿಸಿದ ಸಿಪ್ಪೆ ತಂದು ತೋರಿಸಿದರು. ನೋಡಲಿಕ್ಕೂ ನಮ್ಮ ಅಟ್ಟದ ಮೇಲಿನ ಉಪ್ಪಾಗೆ ಸಿಪ್ಪೆಯೇ. ಅಲ್ಲಿ ಗೊರಕಾ ಎಂದು ಬಳಸುವುದರಲ್ಲಿ ಗಾರ್ಸೀನಿಯಾ ಕ್ವೇಸಿಟಾ ಎಂಬ ಜಾತಿ ಶ್ರೀಲಂಕಾದಲ್ಲಿ ಮಾತ್ರ ಇದೆ. ನಮ್ಮ ಉಪ್ಪಾಗೆ ಗಾರ್ಸೀನಿಯಾ ಗಮ್ಮಿಗಟ್ಟಾ, ಮುರುಗಲು ಗಾರ್ಸೀನಿಯಾ ಇಂಡಿಕಾ. ಒಂದೇ ಮನೆತನ. ನಾನು ಉಪ್ಪಾಗೆ ತುಪ್ಪದ ವಿಷಯ ಹೇಳಿದೆ, ಬೀಜದಿಂದ ತುಪ್ಪ ತೆಗೆಯುತ್ತೀರಾ ಎಂದು ಅವರು ನಂಬಲೇ ಇಲ್ಲ.

ಧೂಪದ ಮರವೂ ಒಳ್ಳೆಯ ಜೋಡಿ. ರಸ್ತೆ ಪಕ್ಕ ಸಾಲಾಗಿ ನಿಂತ ಸಾಲುಧೂಪ ಪಶ್ಚಿಮಘಟ್ಟದ್ದು ಮಾತ್ರ. ಅದರ ತಂಗಿ ವಟೇರಿಯಾ ಕೊಪಾಲಿಫೆರಾ, ಅವರು ಹಲ್ ಎನ್ನುತ್ತಾರೆ, ಅಲ್ಲಿಯದ್ದು ಮಾತ್ರ. ಈ ಮನೆತನಕ್ಕೆ ಡಿಪ್ಟೆರೋಕಾರ್ಪ್ ಎಂದು ಹೆಸರು, ನಮ್ಮ ಹೈಗ, ಕಿರಾಲಬೋಗಿ ಎಲ್ಲ ಇದೇ ಬಳಗ. ಶ್ರೀಲಂಕಾದಲ್ಲಿ ಐವತ್ತಕ್ಕೂ ಮೇಲೆ ಇಂಥ ಮರಗಳಿವೆ, ಒಂದೆರಡು ಬಿಟ್ಟರೆ ಎಲ್ಲವೂ ಅಲ್ಲಿಯವೇ. ಸಿಂಹರಾಜದಲ್ಲಿ ತಲೆ ಎತ್ತಿ ನೋಡುವುದಕ್ಕಿಂತ ಮೊದಲು ಕೆಳಗೆ ನೋಡಿ. ಹೊರ ಎಂಬ ಮರದ ರೆಕ್ಕೆ ಇರುವ ಕಾಯಿಗಳು ಬಿದ್ದಿರುತ್ತವೆ, ಅದನ್ನು ಹಿಡಿದು ಮರ ಹುಡುಕುವುದು ಸುಲಭ.

ಹೂಜಿ ಗಿಡವನ್ನು ಬಿಡಬೇಡಿ. ನೆಪೆಂಥೆಸ್ ಡಿಸ್ಟಿಲಟೋರಿಯಾ, ಸಿಂಹಳದಲ್ಲಿ ಬಂದುರಾ. ಎಲೆಯ ತುದಿ ಹೂಜಿಯಾಗಿ ಅದರೊಳಗೆ ಬಿದ್ದ ಹುಳವನ್ನು ಕರಗಿಸಿ ತಿನ್ನುತ್ತದೆ. ಭಾರತದಲ್ಲಿ ಈ ಕುಲದ್ದು ಇರುವುದು ದೂರದ ಮೇಘಾಲಯದ ಕಡೆ. ನಮ್ಮಲ್ಲಿ ಇದಕ್ಕೆ ಜೋಡಿ ಇಲ್ಲ, ಮಳೆಗಾಲದಲ್ಲಿ ಜಂಬಿಟ್ಟಿಗೆ ಕಲ್ಲಿನ ಮೇಲೆ ಜಿನುಗು ನೀರಲ್ಲಿ ಬೆಳೆಯುವ ಅಂಟು ಹನಿಯ ಡ್ರಾಸೆರಾ ಬರೆದುಕೊಂಡರೆ ಆಯ್ತು. ಅದೂ ಹುಳ ತಿನ್ನುವುದೇ.

ಚಿಟ್ಟೆಯ ಪುಟಕ್ಕೆ ಒಂದೇ ಜೋಡಿ ಸಾಕು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಅವರ ರಾಷ್ಟ್ರೀಯ ಚಿಟ್ಟೆ ಶ್ರೀಲಂಕನ್ ಬರ್ಡ್‌ವಿಂಗ್. ಎರಡೂ ಕಪ್ಪು ಹಳದಿ, ಎರಡರ ಹುಳವೂ ಈಶ್ವರ ಬಳ್ಳಿಯ ಬಳಗದ ಎಲೆ ತಿನ್ನುತ್ತದೆ. ಬೇಲಿಯಲ್ಲಿ ಈಶ್ವರ ಬಳ್ಳಿ ಇದ್ದರೆ ಕಡಿಯಬೇಡಿ, ಅಭ್ಯಾಸಕ್ಕೆ ಬೇಕು.

ಯಾವಾಗ, ಎಲ್ಲಿಗೆ

ಫೆಬ್ರವರಿ, ಮಾರ್ಚ್ ಒಳ್ಳೆಯದು. ಜನವರಿಯಿಂದ ಏಪ್ರಿಲ್ ಮೊದಲ ವಾರದವರೆಗೂ ನಡೆಯುತ್ತದೆ. ನಮಗೂ ಅನುಕೂಲ, ಕೊನೆ ಕೊಯ್ಲು ಮುಗಿದು, ಅಡಿಕೆ ಬೇಯಿಸಿ ಒಣಗಿಸಿ ಮೂಟೆ ಕಟ್ಟಿ ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಮೇ ಕೊನೆಯಿಂದ ಅಲ್ಲಿಯ ನೈಋತ್ಯ ಭಾಗಕ್ಕೂ ಮುಂಗಾರು, ಅಕ್ಟೋಬರ್ ನವೆಂಬರಿನಲ್ಲಿ ಇನ್ನೊಂದು ಸುತ್ತು ಮಳೆ. ಸಿಂಹರಾಜಕ್ಕೆ ವರ್ಷಕ್ಕೆ ಮೂರೂವರೆಯಿಂದ ಐದು ಸಾವಿರ ಮಿಲಿಮೀಟರ್ ಮಳೆ ಎಂದು ಹೆದರಿಸುತ್ತಾರೆ. ಆಗುಂಬೆಯ ಏಳು ಸಾವಿರ ಕಂಡವರಿಗೆ ಅದೇನು ದೊಡ್ಡದಲ್ಲ, ಆದರೂ ಕೊಡೆ ಬಿಟ್ಟು ಹೋಗಬೇಡಿ. ಒಣ ತಿಂಗಳಲ್ಲೂ ಮಧ್ಯಾಹ್ನದ ಮೇಲೆ ಒಂದು ಹೊಡೆತ ಬರುತ್ತದೆ.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಶಿವಮೊಗ್ಗದಿಂದ ಬೆಂಗಳೂರಿಗೆ ಬರುವುದೇ ದೊಡ್ಡ ಪ್ರಯಾಣ ಅನಿಸುತ್ತದೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಆ ದೇಶದ ಸರ್ಕಾರಿ ವೆಬ್‌ಸೈಟಿನಲ್ಲೇ ನೋಡಿ.

ಒಂದು ವಾರ ಇದ್ದರೆ ಎರಡೇ ಜಾಗ ಇಟ್ಟುಕೊಳ್ಳಿ. ಮೊದಲು ಸಿಂಹರಾಜ, ಕನಿಷ್ಠ ಮೂರು ರಾತ್ರಿ. 1988ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಕಾಡು. ಕಲವಾನ ಕಡೆಯಿಂದ ಕುಡಾವ ದ್ವಾರ, ದೆನಿಯಾಯ ಕಡೆಯಿಂದ ಇನ್ನೊಂದು. ಹಕ್ಕಿಗೆ ಕುಡಾವ ಒಳ್ಳೆಯದು. ಟಿಕೆಟ್ ತೆಗೆದುಕೊಳ್ಳುವಲ್ಲೇ ಗೈಡ್ ಜೊತೆ ಕಳಿಸುತ್ತಾರೆ, ಒಬ್ಬರೇ ಹೋಗುವ ಹಾಗಿಲ್ಲ. ಅವರಿಗೆ ನಿಮ್ಮ ನೋಟ್‌ಬುಕ್ ತೋರಿಸಿ. ನನ್ನ ಎರಡನೇ ಪ್ರವಾಸದ ಗೈಡ್ ಅದನ್ನು ತಿರುವಿ ಹಾಕಿ, ಮಾಮೂಲಿ ದಾರಿ ಬಿಟ್ಟು ಗೂಬೆ ಮಲಗುವ ಕಡೆಗೆ ಕರೆದುಕೊಂಡು ಹೋದ.

ಆಮೇಲೆ ನುವರ ಎಲಿಯ, ಎರಡು ರಾತ್ರಿ. ಒಂದು ಹಗಲು ಪ್ರಯಾಣಕ್ಕೇ ಹೋಗುತ್ತದೆ, ಘಾಟಿ ರಸ್ತೆ, ವಾಂತಿ ಮಾತ್ರೆ ಇಟ್ಟುಕೊಳ್ಳಿ. ಅಲ್ಲಿಂದ ಹಾರ್ಟನ್ ಪ್ಲೇನ್ಸ್. ಎರಡು ಸಾವಿರ ಮೀಟರಿಗೂ ಎತ್ತರದ ಹುಲ್ಲುಬಯಲು, ನಡುನಡುವೆ ಶೋಲಾ ಥರದ ಕುಳ್ಳ ಕಾಡು. ಕೊಡಚಾದ್ರಿ 1343 ಮೀಟರ್, ಅದಕ್ಕಿಂತ ಎಷ್ಟು ಮೇಲೆ ಲೆಕ್ಕ ಹಾಕಿ. ಜನವರಿಯಲ್ಲಿ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗುವುದೂ ಉಂಟು, ನಾನು ಬರೀ ಒಂದು ಅಂಗಿಯಲ್ಲಿ ಹೋಗಿ ಹಲ್ಲು ಕಡಿದುಕೊಂಡು ನಿಂತಿದ್ದೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹೆಚ್ಚಿನವರು ವರ್ಲ್ಡ್ಸ್ ಎಂಡ್ ಎಂಬ ಪ್ರಪಾತ ನೋಡಲು ಓಡುತ್ತಾರೆ, ಓಡಲಿ ಬಿಡಿ. ನೀವು ಅರೆಂಗಾ ಹೊಂಡದ ಹತ್ತಿರ ನಿಲ್ಲಿ. ವಿಸ್ಲಿಂಗ್ ಥ್ರಷ್ ಸಿಗುವುದು ಅಲ್ಲೇ. ಮಂದ ನೀಲಿಯ ನೊಣಹಿಡುಕ, ಹಳದಿ ಕಿವಿಯ ಪಿಕಳಾರ, ಮರಪಾರಿವಾಳ ಎಲ್ಲ ಅದೇ ಸುತ್ತಿನಲ್ಲಿ ಬರುತ್ತವೆ. ಕೊಂಬಿನ ಓತಿ ಬಿಸಿಲೇರಿದ ಮೇಲೆ ಪಾಚಿ ಹಿಡಿದ ಕಾಂಡದ ಮೇಲೆ ಇರುತ್ತದೆ.

ಕಾಡಿನ ಒಳಗೆ

ಇಂಬಳದ ವಿಷಯ ನಿಮಗೆ ಹೇಳಬೇಕಾಗಿಲ್ಲ. ಅಲ್ಲಿ ಅದಕ್ಕೆ ಕೂಡೆಲ್ಲಾ ಎನ್ನುತ್ತಾರೆ, ಹಸಿವು ಮಾತ್ರ ಒಂದೇ. ಹೊಗೆಸೊಪ್ಪಿನ ನೀರಲ್ಲಿ ಅದ್ದಿದ ಕಾಲುಚೀಲ ನಮ್ಮ ಹಳೇ ಉಪಾಯ, ಆದರೆ ಹೊಗೆಸೊಪ್ಪು ಬ್ಯಾಗಲ್ಲಿಟ್ಟುಕೊಂಡು ಗಡಿ ದಾಟುವ ಸಾಹಸ ಬೇಡ. ಮೊಣಕಾಲಿನವರೆಗೆ ಬರುವ ಒತ್ತಾದ ಬಟ್ಟೆಯ ಇಂಬಳದ ಕಾಲುಚೀಲ ಕೊಂಡುಕೊಳ್ಳಿ, ಮೇಲೆ ಒಣ ಸಾಬೂನು ಉಜ್ಜಿ. ಉಪ್ಪು ಸುಣ್ಣಗಳನ್ನು ಹಳ್ಳದ ಪಕ್ಕ ಚೆಲ್ಲಬೇಡಿ, ಕಪ್ಪೆಗಳ ಚರ್ಮಕ್ಕೆ ಅದು ಆಗಿಬರುವುದಿಲ್ಲ.

ತರಗೆಲೆಯ ಮೇಲೆ ಕೂರುವ ಮುನ್ನ ನೋಡಿ. ಹಂಪ್ ನೋಸ್ಡ್ ಎಂಬ ಚಿಕ್ಕ ಗುಳಿಮಂಡಲಗಳು ಅಲ್ಲಿ ಮೂರು ಜಾತಿ, ಅದರಲ್ಲಿ ಎರಡು ಅಲ್ಲಿ ಮಾತ್ರ ಇರುವಂಥವು. ನೋಡಿದರೆ ಖುಷಿ, ತುಳಿದರೆ ಆಸ್ಪತ್ರೆ.

ಸಿಂಹರಾಜದಲ್ಲಿ ಹಕ್ಕಿ ಒಂದೊಂದಾಗಿ ಬರುವುದಿಲ್ಲ. ಅರ್ಧ ಗಂಟೆ ಏನೂ ಇರುವುದಿಲ್ಲ, ಕಾಡು ಸತ್ತಂತೆ ಇರುತ್ತದೆ, ಗೈಡ್ ಕೂಡ ಆಕಳಿಸುತ್ತಾನೆ, ಆಮೇಲೆ ಇದ್ದಕ್ಕಿದ್ದಂತೆ ಜಾತ್ರೆಯ ತೇರು ತಿರುವಿನಲ್ಲಿ ಬಂದ ಹಾಗೆ ಗದ್ದಲ ಶುರುವಾಗಿ ಹತ್ತಾರು ಹಕ್ಕಿ ಒಟ್ಟಿಗೆ ಮೇಲೆ ಕೆಳಗೆ ಎಲೆ ಕೆದಕುತ್ತಾ ಸಾಗುತ್ತವೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ದಂಡು ಮತ್ತು ಜುಟ್ಟಿನ ಡ್ರೊಂಗೊ ಇದರ ಮುಂದಾಳು. ಡ್ರೊಂಗೊ ನಮ್ಮ ಭೀಮರಾಜನ ನೆಂಟ, ಬಾಲದಲ್ಲಿ ಆ ಉದ್ದ ದಾರ ಇಲ್ಲ, ಬೇರೆ ಹಕ್ಕಿಯ ದನಿ ಕದಿಯುವ ಬುದ್ಧಿ ಮಾತ್ರ ಅದೇ. ನಮ್ಮ ಕಾಡಲ್ಲೂ ಭೀಮರಾಜ ಇಂಥ ದಂಡಿನ ಜೊತೆ ತಿರುಗುತ್ತದೆ, ಅದನ್ನು ಇಲ್ಲೇ ಹಿಂಬಾಲಿಸಿ ಅಭ್ಯಾಸ ಮಾಡಿ. ದಂಡು ಬಂದಾಗ ಓಡಾಡಬೇಡಿ, ನಿಂತಲ್ಲೇ ನಿಲ್ಲಿ, ದುರ್ಬೀನು ಎತ್ತುವ ಮೊದಲು ಬರಿಗಣ್ಣಲ್ಲಿ ಯಾವುದು ಹೊಸದು ಎಂದು ಆರಿಸಿಕೊಳ್ಳಿ. ಕೆಂಪು ಮುಖದ ಮಲ್ಕೋಹಾ ಸಿಗುವುದು ಇಂಥ ದಂಡಿನಲ್ಲೇ. ನೀಲಿ ಮ್ಯಾಗ್‌ಪೈ ಕೂಡ ಕೆಲವೊಮ್ಮೆ ಸೇರಿಕೊಳ್ಳುತ್ತದೆ, ನೀಲಿ ಮೈ, ಕಂದು ತಲೆ, ಕೆಂಪು ಕೊಕ್ಕು. ಅದರ ಹತ್ತಿರದ ನೆಂಟರು ಹಿಮಾಲಯದ ಕಡೆ ಇದ್ದಾರೆ, ನಮ್ಮ ಘಟ್ಟದಲ್ಲಿ ಯಾರೂ ಇಲ್ಲ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಅದರ ಎಡಪುಟ ಖಾಲಿ.

ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ. ಕೇಳಿ ಕಲಿಯಲು ಮರ್ಲಿನ್ ಆ್ಯಪ್ ಇಳಿಸಿಕೊಳ್ಳಿ, ಆ ಕಡೆಯ ಹಕ್ಕಿಗಳ ಪ್ಯಾಕನ್ನು ಮನೆಯಲ್ಲೇ ಹಾಕಿಕೊಂಡರೆ ಕಾಡಲ್ಲಿ ನೆಟ್‌ವರ್ಕ್ ಬೇಡ. ಆದರೆ ಅಲ್ಲಿ ಇಯರ್‌ಫೋನ್ ಇಲ್ಲದೆ ತೆರೆಯಬೇಡಿ.

ಕಡ್ಡಿ ಮುರಿಯಬೇಡಿ

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಯಾರ ಮನೆಗೆ ಹೋದರೂ ವಾಪಸ್ ಬರುವಾಗ ಕೈಯಲ್ಲಿ ಒಂದು ಗಿಡದ ಕಡ್ಡಿ, ಸೆರಗಿನ ತುದಿಯಲ್ಲಿ ನಾಲ್ಕು ಬೀಜ ಇರದಿದ್ದರೆ ನಮಗೆ ಸಮಾಧಾನವಿಲ್ಲ. ನಾನು ಹೊರಟಾಗಲೂ ಅಮ್ಮ, "ಒಳ್ಳೆ ಸೀತಾಳೆ ಹೂವು ಕಂಡ್ರೆ ಒಂದು ಗೆಣ್ಣು ತಗೊಂಡು ಬಾ" ಎಂದಿದ್ದರು. ಸೀತಾಳೆ ಇರಲಿ, ಒಂದು ಎಲೆ, ಒಂದು ಸತ್ತ ಚಿಟ್ಟೆಯ ರೆಕ್ಕೆ ಕೂಡ ತರಬೇಡಿ. 2020ರಲ್ಲಿ ಯಾಲಾ ರಾಷ್ಟ್ರೀಯ ಉದ್ಯಾನದಲ್ಲಿ ಬಾಟಲಿಗಳಲ್ಲಿ ಕೀಟ ತುಂಬಿಕೊಂಡಿದ್ದ ಇಟಲಿಯ ಅಪ್ಪ ಮಗನನ್ನು ಹಿಡಿದರು, 2024ರಲ್ಲಿ ಅವರಿಗೆ ಸುಮಾರು ಎರಡು ಲಕ್ಷ ಡಾಲರ್ ದಂಡ ಬಿತ್ತು. ತೋಟ ಮಾರಿದರೂ ಸಾಲದು.

ಶ್ರೀಲಂಕಾದ್ದೇ ಒಂದು ಜೀವಿ ಮನೆಯಲ್ಲಿ ಇರಲೇಬೇಕು ಎಂದು ಆಸೆಯಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಚೆರ್ರಿ ಬಾರ್ಬ್ ಎಂಬ ಕೆಂಪು ಮೀನು ಕೇಳಿ. ಅದರ ಮೂಲ ಅಲ್ಲಿಯ ತಂಪು ಹಳ್ಳಗಳು, ಅಲ್ಲಿ ಬಿಟ್ಟರೆ ಬೇರೆಲ್ಲೂ ಹುಟ್ಟಿದ್ದಲ್ಲ. ಅಂಗಡಿಗೆ ಬರುವುದು ಸಾಮಾನ್ಯವಾಗಿ ತೊಟ್ಟಿಯಲ್ಲಿ ಮರಿ ಮಾಡಿಸಿದ್ದು. ಸಾಕಿ ಸಾಕಾದರೆ ತುಂಗೆಗೆ ಮಾತ್ರ ಬಿಡಬೇಡಿ, ಬೇರೆ ಸಾಕುವವರಿಗೆ ಕೊಡಿ.

ವಾಪಸ್ ಬಂದ ವಾರದೊಳಗೆ ನೋಟ್‌ಬುಕ್ಕಿನಲ್ಲಿದ್ದದ್ದನ್ನು ಹಕ್ಕಿಗಳ ಲೆಕ್ಕ ಇಡುವ ಇ-ಬರ್ಡ್ ವೆಬ್‌ಸೈಟಿಗೆ ಹಾಕಿಬಿಡಿ, ಆಮೇಲೆ ಮರೆತುಹೋಗುತ್ತದೆ. ಎಡಪುಟದ ಹಕ್ಕಿಗಳನ್ನೂ ಹಾಕಿ, ನಮ್ಮ ಹಳ್ಳಿಗಳಿಂದ ಬರುವ ಲೆಕ್ಕ ಕಡಿಮೆಯೇ. ಅಮ್ಮನಿಗೆ ನಾನು ಸೀತಾಳೆಯ ಬದಲು ಆ ಮೀನುಸಾರಿನ ಫೋಟೊ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಅಷ್ಟು ಉಪ್ಪಾಗೆ ಹಾಕಿದರೆ ಹಲ್ಲು ಚಳಿಹಿಡಿಯುವುದಿಲ್ಲವಾ ಎಂದು ಕೇಳಿದರು. ಭಾವ ಮಾತ್ರ ಈ ಸಲ ಫೋನನ್ನು ಕೈಗೆ ತೆಗೆದುಕೊಂಡು ಆ ಕಿತ್ತಳೆ ಕೋಳಿಯನ್ನು ದೊಡ್ಡದು ಮಾಡಿ ನೋಡಿದರು, ಮುಂದಿನ ಫೆಬ್ರವರಿಗೆ ಟಿಕೆಟ್ ಎಷ್ಟಾಗುತ್ತದೆ ಎಂದರು.